ಬೆರೆಯೋದು ಹೇಗೆ ಎಂದು ಕೇಳುವವರಿಗೆ

ಬೆಳಗ್ಗೆ ಹನ್ನೊಂದು ಗಂಟೆಗೆ ಮಗಳ ಕೈ ಹಿಡಿದು ದಿನಸಿ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ: "ಇವತ್ತು ಸ್ಕೂಲ್ ಇಲ್ವಾ ಪುಟ್ಟಾ?" ಅವಳು ಮನೆಯಲ್ಲೇ ಕಲೀತಾಳೆ ಅಂದರೆ ಎರಡನೆಯದು: "ಯಾಕಮ್ಮಾ, ಹುಷಾರಿಲ್ವಾ?" ಚೆನ್ನಾಗಿದ್ದಾಳೆ ಅಂದರೆ ಮೂರನೆಯದು: "ಹಂಗಾದ್ರೆ ಬೇರೆ ಮಕ್ಕಳ ಜೊತೆ ಬೆರೆಯೋದು ಹೆಂಗೆ?" ಎಂಟು ವರ್ಷಗಳಿಂದ ಮೈಸೂರಿನಲ್ಲಿ ಈ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಸಿಕೊಂಡಿದ್ದೇನೆ. ಅಂಗಡಿಯವರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ, ಮದುವೆಮನೆಯ ಪಂಕ್ತಿಯಲ್ಲಿ ಎದುರಿಗೆ ಕೂತ ನೆಂಟರು ಕೇಳಿದ್ದಾರೆ, ಮೂವತ್ತು ವರ್ಷ ಮೇಷ್ಟರಾಗಿದ್ದು ನಿವೃತ್ತರಾದವರೂ ಕೇಳಿದ್ದಾರೆ. ಗಣಿತ ಯಾರು ಹೇಳಿಕೊಡುತ್ತಾರೆ, ಪರೀಕ್ಷೆಗೆ ಹೇಗೆ ಕೂರಿಸುತ್ತೀರಿ ಎಂದು ಕೇಳುವವರು ಕಡಿಮೆ. ಬೆರೆಯೋದು ಹೇಗೆ ಎಂದು ಕೇಳದವರೇ ಇಲ್ಲ.

ಕೇಳುವವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಪ್ರಶ್ನೆಯ ಹೊಟ್ಟೆಯಲ್ಲಿ ಒಂದು ನಂಬಿಕೆ ಕೂತಿದೆ. ಮಗುವಿಗೆ ಸಮಾಜ ಸಿಗುವುದು ಶಾಲೆಯಲ್ಲಿ, ಶಾಲೆ ಬಿಟ್ಟ ಮಗು ಸಮಾಜವನ್ನೂ ಬಿಟ್ಟ ಹಾಗೆ, ಎಂಬ ನಂಬಿಕೆ. ಇದು ತಪ್ಪು. ಎಷ್ಟು ಗಟ್ಟಿಯಾಗಿ ಬೇರುಬಿಟ್ಟ ತಪ್ಪೆಂದರೆ, ಮಕ್ಕಳಿಗೆ ಮನೆಯಲ್ಲಿ ಕಲಿಸಲು ಹೊರಟ ತಂದೆತಾಯಿಯೂ ಇದನ್ನೇ ಒಳಗೊಳಗೆ ನಂಬಿಕೊಂಡಿರುತ್ತಾರೆ. ಸಮಾಜದ ಆಸೆ ಬಿಟ್ಟಾಯಿತು, ಪಾಠವಾದರೂ ಸರಿಯಾಗಿ ಆಗಲಿ ಎಂದು ಪಠ್ಯಕ್ರಮ ಹುಡುಕಲು ಕೂರುತ್ತಾರೆ. ಮೊದಲ ಹೆಜ್ಜೆಯೇ ಅಲ್ಲಿ ಎಡವುತ್ತದೆ.

ಶಾಲೆಯಲ್ಲಿ ಬೆರೆಯುವುದು ಎಂದರೆ ಏನು ಎಂದು ನಮ್ಮ ನಮ್ಮ ತರಗತಿಗಳನ್ನೇ ನೆನೆದುಕೊಂಡು ನೋಡೋಣ. ಮೇಷ್ಟ್ರು ಹೊರಗೆ ಹೋದರೆ ಮಾನಿಟರ್ ಎದ್ದು ನಿಂತು ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಗುಣಿಸು ಚಿಹ್ನೆ. ಪಕ್ಕದವಳ ಸ್ಲೇಟು ನೋಡಿದರೆ ಕಾಪಿ. ಅವಳಿಗೆ ಹೇಳಿಕೊಟ್ಟರೂ ಕಾಪಿ. ಒಂದೇ ವರ್ಷ ಹುಟ್ಟಿದ ನಲವತ್ತು ಐವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ದಿನಕ್ಕೆ ಆರು ಗಂಟೆ ಒಬ್ಬರೊಡನೊಬ್ಬರು ಮಾತಾಡದಂತೆ ನೋಡಿಕೊಂಡು, ಊಟದ ಹೊತ್ತಿನ ಅರ್ಧ ಗಂಟೆ ಮಾತ್ರ ಬಿಡುವ ಏರ್ಪಾಡು ಇದು. ಆ ಅರ್ಧ ಗಂಟೆಯಲ್ಲಿ ಗೆಳೆತನ ಹುಟ್ಟುತ್ತದೆ, ನಿಜ. ನನ್ನ ಜೀವದ ಗೆಳತಿ ಸಿಕ್ಕಿದ್ದೂ ಶಾಲೆಯಲ್ಲೇ. ಆ ಗೆಳೆತನಕ್ಕೆ ಜಾಗ ಕೊಟ್ಟದ್ದು ಊಟದ ಬಿಡುವು, ಮನೆಗೆ ನಡೆದು ಬರುತ್ತಿದ್ದ ಎರಡು ಮೈಲಿ ದಾರಿ, ದಾರಿಯ ಹುಣಸೆಮರ. ಈಗ ನಗರದ ಮಕ್ಕಳಿಗೆ ಆ ದಾರಿಯೂ ಇಲ್ಲ. ಗೇಟಿನಿಂದ ವ್ಯಾನಿಗೆ, ವ್ಯಾನಿನಿಂದ ಮನೆಗೆ, ಮನೆಯಿಂದ ಟ್ಯೂಷನ್ನಿಗೆ.

ಇನ್ನು ವಯಸ್ಸಿನ ಮಾತು. ಎಂಟು ವರ್ಷದವರು ಎಂಟು ವರ್ಷದವರ ಜೊತೆ ಮಾತ್ರ ಇರುವ ಏರ್ಪಾಡು ಶಾಲೆಯ ಗೋಡೆಯ ಹೊರಗೆ ಎಲ್ಲೂ ಇಲ್ಲ. ನಮ್ಮ ಜಗಲಿಯಲ್ಲಿ ಇರಲಿಲ್ಲ, ಗದ್ದೆಯಲ್ಲಿ ಇರಲಿಲ್ಲ, ಜಾತ್ರೆಯಲ್ಲಿ ಇಲ್ಲ, ಕಚೇರಿಯಲ್ಲೂ ಇಲ್ಲ. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂತಾಗ ಚಿಕ್ಕವರು ದೊಡ್ಡವರಿಂದ ಕಲಿಯುತ್ತಾರೆ, ದೊಡ್ಡವರು ಹೇಳಿಕೊಡುತ್ತಾ ತಾವೇ ಗಟ್ಟಿಯಾಗುತ್ತಾರೆ. ಇದನ್ನು ನಮ್ಮ ಸರ್ಕಾರವೇ ಒಪ್ಪಿಕೊಂಡಿದೆ. 1995ರಲ್ಲಿ ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಈ ಕಾಣ್ಕೆಯ ಮೇಲೆಯೇ ನಿಂತದ್ದು. ಋಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳನ್ನು ಬೆರೆಸಿ, ಗುಂಪು ಮಾಡಿ, ಕಲಿಕೆಯ ಏಣಿಯನ್ನು ಪ್ರತಿ ಮಗು ತನ್ನ ವೇಗದಲ್ಲಿ ಹತ್ತುವಂತೆ ಮಾಡಿದರು. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಸರ್ಕಾರಿ ಶಾಲೆಯ ಈ ಒಳ್ಳೆಯ ಗುಣವನ್ನು ಬಿಟ್ಟು, ಲಕ್ಷಗಟ್ಟಲೆ ಶುಲ್ಕ ಕೊಟ್ಟು, ಒಂದೇ ವಯಸ್ಸಿನ, ಒಂದೇ ವರಮಾನದ ಮಕ್ಕಳಿರುವ ತರಗತಿಗೆ ತಮ್ಮ ಮಗುವನ್ನು ಸೇರಿಸಿದವರು ನನ್ನನ್ನು ಬೆರೆಯೋದು ಹೇಗೆ ಎಂದು ಕೇಳುತ್ತಾರೆ. ಅವರಿಗೆ ನನ್ನ ಮರುಪ್ರಶ್ನೆ: ನಿಮ್ಮ ಮಗು ಕಳೆದ ತಿಂಗಳು ನೆಂಟರಲ್ಲದ, ನಿಮ್ಮಿಂದ ಸಂಬಳ ಪಡೆಯದ ಎಷ್ಟು ಮಂದಿ ದೊಡ್ಡವರ ಜೊತೆ ಹತ್ತು ನಿಮಿಷ ಮಾತಾಡಿದೆ?

ಮನೆಯಲ್ಲಿ ಕಲಿಸುವುದು ಅಮೆರಿಕದಿಂದ ಬಂದ ಖಯಾಲಿ ಎನ್ನುವವರೂ ಇದ್ದಾರೆ. ಅಲ್ಲಿನ ಶಿಕ್ಷಣ ಚಿಂತಕ ಜಾನ್ ಹೋಲ್ಟ್ 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳಿಗಾಗಿ ಪತ್ರಿಕೆ ಶುರು ಮಾಡಿದ್ದು, ಅಲ್ಲಿ ಅದೊಂದು ಚಳವಳಿಯಾಗಿ ಬೆಳೆದದ್ದು ನಿಜ. ಆದರೆ ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಲ್ಲ, ಪುತ್ತೂರಿಗೆ ಹೋದರೆ ಸಾಕು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಮಕ್ಕಳಿಗೆ ಕೊಟ್ಟವರು, ಅಲ್ಲಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಬಗ್ಗೆ ಪ್ರಯೋಗ ಮಾಡಿದವರು. ಅವರ ಮಗ ಉಲ್ಲಾಸ ಕಾರಂತರು ಬಾಲ್ಯದ ಹಲವು ವರ್ಷ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತರು. ಮುಂದೆ ಅವರು ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಗುರುತಿಸುವ ವಿಜ್ಞಾನಿಯಾದರು. ಈ ಮಾತನ್ನು ಹೇಳಿ ನಾನು ಯಾರಿಗೂ ಆಸೆ ಹುಟ್ಟಿಸುತ್ತಿಲ್ಲ. ಮನೆಯಲ್ಲಿ ಕಲಿತವರೆಲ್ಲ ವಿಜ್ಞಾನಿಗಳಾಗುವುದಿಲ್ಲ, ಕಾರಂತರ ಮನೆಯಂಥ ಮನೆ ಎಲ್ಲರಿಗೂ ಸಿಗುವುದಿಲ್ಲ. ನಾನು ಗಮನಿಸುವುದು ಬೇರೆಯದನ್ನು. ಆ ಮನೆಯ ಸುತ್ತ ಕಾಡಿತ್ತು. ಯಕ್ಷಗಾನದವರು, ಬರಹಗಾರರು ಬಂದುಹೋಗುತ್ತಿದ್ದರು. ಆ ಮಗು ನಾಲ್ಕು ಗೋಡೆಗಳ ನಡುವೆ ಬೆಳೆಯಲಿಲ್ಲ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಮನೆಪಾಠ ಎಂದರೆ ಕನ್ನಡದಲ್ಲಿ ಟ್ಯೂಷನ್. ಆದ್ದರಿಂದ ಮನೆಯಲ್ಲಿ ಕಲಿಸುತ್ತೇವೆ ಅಂದಕೂಡಲೇ ಕೇಳುವವರ ಕಣ್ಣಮುಂದೆ ಬರುವುದು ಚಾಪೆ, ಪುಸ್ತಕ, ಬೆತ್ತ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ ಮೇಲೆ ಈ ಗೊಂದಲ ಇನ್ನಷ್ಟು ಹೆಚ್ಚಿತು. ಮೊಬೈಲ್ ಪರದೆಯ ಮುಂದೆ ಮಕ್ಕಳು ಒಂಟಿಯಾಗಿ ಕೂತದ್ದನ್ನು ಎಲ್ಲರೂ ನೋಡಿದರು. ಮನೆಯಲ್ಲಿ ಕಲಿಯುವುದು ಎಂದರೆ ಇದೇ, ಸಾಕಪ್ಪಾ ಸಾಕು ಎಂದು ತೀರ್ಮಾನಿಸಿದರು. ಅದು ಮನೆಕಲಿಕೆಯಾಗಿರಲಿಲ್ಲ. ಬೀದಿ, ಅಂಗಡಿ, ಅಜ್ಜಿಮನೆ, ಉದ್ಯಾನ, ಗ್ರಂಥಾಲಯ ಎಲ್ಲವೂ ಮುಚ್ಚಿದ್ದಾಗ ಶಾಲೆಯ ತರಗತಿಯನ್ನು ತಂತಿಯ ಮೂಲಕ ಮನೆಯೊಳಗೆ ತಂದ ಕಷ್ಟಕಾಲ ಅದು. ನಾವೂ ಆ ಎರಡು ವರ್ಷ ಒದ್ದಾಡಿದೆವು. ಶಾಲೆಯ ಮಕ್ಕಳಷ್ಟೇ ನಮ್ಮ ಮಕ್ಕಳೂ ಒಂಟಿಯಾಗಿದ್ದರು. ಮನೆಕಲಿಕೆ ಮನೆಯೊಂದರಿಂದಲೇ ನಡೆಯುವುದಾಗಿದ್ದರೆ ನಮಗೆ ಆಗ ಕಷ್ಟವೇ ಆಗಬಾರದಿತ್ತು.

ಈಗ ಶುರು ಮಾಡುವ ಬಗೆ. ನಮ್ಮ ಮೊದಲ ವರ್ಷವನ್ನು ಇಲ್ಲಿ ಹೇಳಲೇಬೇಕು, ಹೊಸಬರಲ್ಲಿ ಹೆಚ್ಚಿನವರು ಇದೇ ದಾರಿ ಹಿಡಿಯುವುದನ್ನು ಕಂಡಿದ್ದೇನೆ. ಮಗಳನ್ನು ಎರಡನೆಯ ತರಗತಿಯ ನಡುವೆ ಶಾಲೆಯಿಂದ ಬಿಡಿಸಿದೆವು. ಬಿಡಿಸಿದ ಮರುದಿನವೇ ಗೋಡೆಗೆ ಬೋರ್ಡು ಹೊಡೆಸಿದೆ, ವೇಳಾಪಟ್ಟಿ ಅಂಟಿಸಿದೆ. ಒಂಬತ್ತಕ್ಕೆ ಕನ್ನಡ, ಹತ್ತಕ್ಕೆ ಗಣಿತ. ಮೂರು ತಿಂಗಳಲ್ಲಿ ಅವಳು ನನ್ನನ್ನು ಕಂಡರೆ ಮುಖ ತಿರುಗಿಸುವ ಹಾಗಾದಳು. ಶಾಲೆಯಲ್ಲಿದ್ದಾಗ ಸಂಜೆಯಾದರೂ ಅಮ್ಮ ಸಿಗುತ್ತಿದ್ದಳು, ಈಗ ಇಡೀ ದಿನ ಟೀಚರ್ ಮಾತ್ರ. ಆಗ ನಮಗಿಂತ ಮೊದಲು ಈ ದಾರಿ ಹಿಡಿದಿದ್ದ ಒಬ್ಬ ತಾಯಿ ಮನೆಗೆ ಬಂದು ಒಂದು ಮಾತು ಹೇಳಿದರು: "ಮೊದ್ಲು ಆ ಬೋರ್ಡ್ ತೆಗೀರಿ. ಆರು ತಿಂಗಳು ಪಾಠ ಮಾಡ್ಬೇಡಿ. ಇವಳಿಗೆ ಜನ ತೋರ್ಸಿ." ಶಾಲೆಯಲ್ಲಿ ಎಷ್ಟು ವರ್ಷ ಕಳೆದಿದೆಯೋ ಅಷ್ಟು ತಿಂಗಳಾದರೂ ಮಗುವನ್ನು ಪಾಠದ ಗೊಡವೆಗೆ ಎಳೆಯದೆ ಬಿಡಬೇಕು ಎಂಬುದು ಮನೆಕಲಿಕೆಯವರಲ್ಲಿ ಬಾಯಿಂದ ಬಾಯಿಗೆ ಬಂದ ಲೆಕ್ಕ. ನಮ್ಮ ಮನೆಯಲ್ಲಿ ಆರು ತಿಂಗಳೇ ಬೇಕಾಯಿತು. ಆ ಅವಧಿ ಮಗುವಿಗಿಂತ ಹೆಚ್ಚಾಗಿ ನಮಗೇ ಬೇಕಾಗಿತ್ತು.

ಜನ ಎಂದರೆ ಯಾರು? ನಮ್ಮ ರಸ್ತೆಯ ಟೈಲರ್ ಮೊದಲಿಗರು. ಬಟ್ಟೆ ಕೊಡಲು ಹೋದಾಗ ಮಗಳು ಟೇಪು ಹಿಡಿದು ನಿಂತಳು. ಅವರು ಬೈದು ಕಳಿಸಬಹುದಿತ್ತು, ಕಳಿಸಲಿಲ್ಲ. ತೋಳಿಗೆ ಕಾಲು ಇಂಚು ಬಿಡಬೇಕು, ಹೊಲಿಗೆಗೆ ಅರ್ಧ ಇಂಚು, ಎರಡೂ ಸೇರಿ ಎಷ್ಟು ಎಂದು ಕೇಳಿದರು. ಬೋರ್ಡಿನ ಮೇಲೆ ಎರಡು ತಿಂಗಳು ತಿಣುಕಿದರೂ ಬಾರದ ಭಿನ್ನರಾಶಿ ಕತ್ತರಿಯ ಮುಂದೆ ಒಂದು ವಾರದಲ್ಲಿ ಬಂತು. ಬಟ್ಟೆ ತಪ್ಪಾಗಿ ಕತ್ತರಿಸಿದರೆ ಗಿರಾಕಿಗೆ ನಷ್ಟ ಎಂಬುದೂ ಅದರ ಜೊತೆಗೆ ಬಂತು. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸು ಮೊಳ, ಮಾರು ಕಲಿಸಿದರು. ಅವರ ಮೊಳಕ್ಕೂ ನನ್ನ ಮೊಳಕ್ಕೂ ಇರುವ ವ್ಯತ್ಯಾಸವನ್ನು ಮಗಳೇ ಕಂಡುಹಿಡಿದಳು, ಅಳತೆಗೆ ಎಲ್ಲರೂ ಒಪ್ಪಿದ ಒಂದು ಮಾನ ಯಾಕೆ ಬೇಕು ಎಂದು ಆ ದಿನ ಅವಳಿಗೆ ತಾನಾಗಿಯೇ ತಿಳಿಯಿತು. ಬೇಸಿಗೆ ಬಂದರೆ ರಂಗಾಯಣದ ಚಿಣ್ಣರ ಮೇಳ. ಅಲ್ಲಿ ಎಲ್ಲ ಕೇರಿಗಳ ಮಕ್ಕಳೂ ಇರುತ್ತಾರೆ, ನಾಟಕಕ್ಕೆ ಎಲ್ಲರೂ ಬೇಕಾಗುತ್ತಾರೆ. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ನಾಲ್ಕು ದಶಕಗಳಿಂದ ಬರುತ್ತಿದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಬಿಡಿಗಾಸು ಖರ್ಚಿಲ್ಲದೆ ಸಿಗುತ್ತವೆ. ಸಾವಿರಾರು ರೂಪಾಯಿಯ ವಿದೇಶಿ ಪಠ್ಯದ ಪೆಟ್ಟಿಗೆ ತರಿಸಿಕೊಂಡು ಹಿತ್ತಲ ಗಿಡ ಮದ್ದಲ್ಲ ಎನ್ನುವ ತಂದೆತಾಯಿಯನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮನೆಯಲ್ಲಿ ಕಲಿಸುವ ಇನ್ನೊಂದು ಮನೆ ಹುಡುಕುವುದು ಇದಕ್ಕಿಂತ ಮುಖ್ಯ. ಒಂದೇ ಒಂದು ಮನೆ ಸಿಕ್ಕರೂ ಸಾಕು. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಜಾಗದಲ್ಲಿ, ಮಳೆ ಬರಲಿ ಬಿಸಿಲಿರಲಿ ಸೇರಬೇಕು. ನಾವು ಗುರುವಾರ ಕಾರಂಜಿ ಕೆರೆಯ ಬಳಿ ಎರಡು ಮನೆಯವರು ಸೇರಲು ಶುರು ಮಾಡಿದೆವು. ಮೊದಲ ನಾಲ್ಕು ತಿಂಗಳು ಎರಡೇ ಮನೆ. ಈಗ ಒಂಬತ್ತು ಮನೆಗಳು ಬರುತ್ತವೆ, ಅದರಲ್ಲಿ ಮೂರು ಮನೆಯ ಮಕ್ಕಳು ಶಾಲೆಗೆ ಹೋಗುವವರೇ, ರಜೆಯಲ್ಲಿ ಬರುತ್ತಾರೆ. ರಾಷ್ಟ್ರಮಟ್ಟದಲ್ಲಿ 'ಸ್ವಶಿಕ್ಷಣ್' ಎಂಬ ಭಾರತೀಯ ಮನೆಕಲಿಕೆಯವರ ಸಂಘವಿದೆ, ಅದರಿಂದ ಹತ್ತಿರದ ಊರಿನವರ ಪರಿಚಯವಾಗಬಹುದು. ಆದರೆ ಸಂಘದ ಸದಸ್ಯತ್ವ ಗುರುವಾರದ ಜಾಗಕ್ಕೆ ಬದಲಿಯಾಗುವುದಿಲ್ಲ. ಸೇರುವ ದಿನ ತಪ್ಪಿಸದಿರುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಎರಡು ವಾರ ತಪ್ಪಿದರೆ ಮಕ್ಕಳ ನಡುವಿನ ಆಟದ ಎಳೆ ತುಂಡಾಗುತ್ತದೆ.

ಕಾನೂನಿನ ಭಯವನ್ನು ಮುಂದಿಡುವವರಿಗೂ ಉತ್ತರ ಕೊಡಬೇಕು, ಯಾಕೆಂದರೆ ಆ ಭಯಕ್ಕೆ ಸ್ವಲ್ಪ ಆಧಾರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 10ನೇ ಕಲಮು 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಸೇರಿಸದ ತಂದೆತಾಯಿಗೆ ಆ ಕಾಯ್ದೆಯಲ್ಲಿ ದಂಡ ಹೇಳಿಲ್ಲ. ಮನೆಕಲಿಕೆ ಎಂಬ ಮಾತೇ ಅದರಲ್ಲಿಲ್ಲ, ಮಾನ್ಯತೆಯೂ ಇಲ್ಲ, ನಿಷೇಧದ ಮಾತೂ ಇಲ್ಲ. ಈ ಅಸ್ಪಷ್ಟತೆಯನ್ನು ಶಾಸನ ಮಾಡುವವರು ಬಗೆಹರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಹೊಸಬರು ಎರಡು ಸಂಗತಿ ತಿಳಿದಿರಬೇಕು. ಒಂದು, ಅದೇ ಕಾಯ್ದೆಯ 4ನೇ ಕಲಮಿನ ಪ್ರಕಾರ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಮನೆಕಲಿಕೆ ಸರಿಹೋಗದಿದ್ದರೆ ವಾಪಸು ಹೋಗುವ ಬಾಗಿಲು ತೆರೆದೇ ಇದೆ, ಹೋಗುವುದರಲ್ಲಿ ಅವಮಾನವೂ ಇಲ್ಲ. ಎರಡು, ನಾಲ್ಕು ಮನೆಯವರು ಸೇರಿ ಶುಲ್ಕ ಹಾಕಿ, ಶಿಕ್ಷಕರನ್ನಿಟ್ಟು, ದಿನವೂ ತರಗತಿ ನಡೆಸಿದರೆ ಅದು ಮಾನ್ಯತೆಯಿಲ್ಲದ ಶಾಲೆ ಎನಿಸಿಕೊಳ್ಳಬಹುದು. ಅದಕ್ಕೆ 18ನೇ ಕಲಮಿನಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಕೂಟ ಕೂಟವಾಗಿಯೇ ಇರಲಿ.

ಪರೀಕ್ಷೆಯ ವಿಷಯ ಬೇಗ ಮುಗಿಯುತ್ತದೆ. 1989ರಲ್ಲಿ ಹುಟ್ಟಿದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್ಐಒಎಸ್, ಹದಿನಾಲ್ಕು ತುಂಬಿದವರಿಗೆ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆ ನಡೆಸುತ್ತದೆ. ವರ್ಷಕ್ಕೆರಡು ಸಾರಿ, ಐದು ವಿಷಯ ಸಾಕು, ಒಂದೊಂದಾಗಿಯೂ ಬರೆಯಬಹುದು. ನಮ್ಮ ಗುಂಪಿನ ಇಬ್ಬರು ಬರೆದು ಮುಂದೆ ಹೋಗಿದ್ದಾರೆ.

ಈಗ ನನ್ನ ಜೊತೆಯವರ ಬಗ್ಗೆ. ಬೆರೆಯೋದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೆಲವೊಮ್ಮೆ ನಮ್ಮ ನಡತೆಯಿಂದಲೇ ನಿಜ ಮಾಡುತ್ತಿದ್ದೇವೆ. ಬೆಂಗಳೂರಿನಲ್ಲಿ ನಾನು ಹೋದ ಕೂಟಗಳಲ್ಲಿ ಕನ್ನಡ ಕೇಳಿಸಿದ್ದು ಕಾವಲುಗಾರರ ಬಾಯಲ್ಲಿ ಮಾತ್ರ. ಒಂದೇ ಬಗೆಯ ಅಪಾರ್ಟ್‌ಮೆಂಟು, ಒಂದೇ ಬಗೆಯ ಉದ್ಯೋಗ, ಕೇಳಿದರೆ ಹೆಚ್ಚುಕಡಿಮೆ ಒಂದೇ ಬಗೆಯ ಜಾತಿ. ಇಂಥ ಕೂಟದಲ್ಲಿ ಬೆಳೆದ ಮಗು ದುಬಾರಿ ಶಾಲೆಯ ಮಗುವಿಗಿಂತ ಹೆಚ್ಚು ಸಮಾಜವನ್ನೇನೂ ನೋಡುವುದಿಲ್ಲ. ಶಾಲೆಯ ಗೇಟನ್ನು ಬಿಟ್ಟು ಬಂದು ಇನ್ನೊಂದು ಗೇಟು ಕಟ್ಟಿಕೊಳ್ಳುವುದಾದರೆ ಮಗುವನ್ನು ಶಾಲೆಯಲ್ಲೇ ಬಿಡುವುದು ವಾಸಿ. ಸರ್ಕಾರಿ ಶಾಲೆಯಲ್ಲಾದರೂ ಬೇರೆ ಬೇರೆ ಮನೆಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಬಿಸಿಯೂಟ ಮಾಡುತ್ತಾರೆ. ಹಾಗೆಯೇ, ತಾಯಿಯೇ ಮೊದಲ ಗುರು ಎಂದು ವೇದಿಕೆಯಲ್ಲಿ ಭಾಷಣ ಮಾಡಿ, ಇಡೀ ಭಾರವನ್ನು ಮನೆಯ ಹೆಂಗಸಿನ ಮೇಲೆ ಹೊರಿಸಿ, ಒಂಬತ್ತಕ್ಕೆ ಕೆಲಸಕ್ಕೆ ಹೊರಟುಬಿಡುವ ಗಂಡಸರನ್ನೂ ಕಂಡಿದ್ದೇನೆ. ತನ್ನ ಕೆಲಸ ಬಿಟ್ಟು, ಗೆಳತಿಯರನ್ನು ಬಿಟ್ಟು, ಮಗುವಿನ ಜೊತೆ ಹನ್ನೆರಡು ಗಂಟೆ ಒಬ್ಬಳೇ ಇರುವ ತಾಯಿ ಎರಡನೆಯ ವರ್ಷಕ್ಕೆ ಕುಸಿಯುತ್ತಾಳೆ. ಮಗು ಒಂಟಿಯಾಗುತ್ತದೆ ಎಂದು ಮರುಗುವವರು ಈ ತಾಯಿಯ ಒಂಟಿತನವನ್ನು ಯಾಕೆ ಕೇಳುವುದಿಲ್ಲ? ಮನೆಕಲಿಕೆ ಬಿಟ್ಟು ಮಕ್ಕಳನ್ನು ಶಾಲೆಗೆ ವಾಪಸು ಕಳಿಸಿದ, ನನಗೆ ಗೊತ್ತಿರುವ ನಾಲ್ಕು ಮನೆಗಳಲ್ಲಿ ಮೂರರಲ್ಲಿ ಕಾರಣ ಇದೇ ಆಗಿತ್ತು. ಪಾಠ ಸಾಗದೆ ಬಿಟ್ಟವರು ಅವರಲ್ಲಿ ಒಬ್ಬರೂ ಇಲ್ಲ.

ಎದುರಾಳಿಗಳ ಒಂದು ಮಾತಿಗೆ ನಾನು ತಲೆಬಾಗುತ್ತೇನೆ. ಈ ನಾಡಿನಲ್ಲಿ ಎಷ್ಟೋ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ದಲಿತರ ಮಕ್ಕಳಿಗೆ, ಶಾಲೆ ಎಂದರೆ ಮನೆಯ ಕತ್ತಲೆಯಿಂದ ಹೊರಬರುವ ಒಂದೇ ದಾರಿ. ತಂಗಿಯನ್ನು ನೋಡಿಕೊಳ್ಳಲೆಂದು, ಕೂಲಿಗೆಂದು, ಮದುವೆಗೆಂದು ಶಾಲೆ ಬಿಡಿಸಿದ ಮಗುವನ್ನು ಯಾರಾದರೂ ಮನೆಕಲಿಕೆ ಎಂಬ ಹೆಸರಿನಲ್ಲಿ ಮುಚ್ಚಿಟ್ಟರೆ ಅದನ್ನು ವಿರೋಧಿಸುವವರಲ್ಲಿ ನಾನು ಮೊದಲಿಗಳು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡದ್ದು ಸರಿಯಾಗಿಯೇ ಇತ್ತು. ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದವರು ನಮ್ಮ ಬಾಗಿಲು ತಟ್ಟಿದರೆ ನನಗೆ ಕೋಪವಿಲ್ಲ, ತಟ್ಟಬೇಕು. ಮಗಳನ್ನು ಕರೆದು ಮಾತಾಡಿಸಿ, ಅವಳು ಏನು ಓದುತ್ತಿದ್ದಾಳೆ ನೋಡಿ ಎಂದು ಕುರ್ಚಿ ಹಾಕುತ್ತೇನೆ. ಬಾಗಿಲು ತೆರೆದಿಡುವ ಮನೆಗೂ ಮುಚ್ಚಿಡುವ ಮನೆಗೂ ಇರುವ ವ್ಯತ್ಯಾಸ ಒಂದು ಭೇಟಿಯಲ್ಲೇ ತಿಳಿಯುತ್ತದೆ. ಆದರೆ ಮುಚ್ಚಿದ ಬಾಗಿಲುಗಳಿವೆ ಎಂಬ ಕಾರಣಕ್ಕೆ ತೆರೆದ ಬಾಗಿಲನ್ನೂ ಅಪರಾಧದಂತೆ ನೋಡುವುದು ನ್ಯಾಯವಲ್ಲ.

ಹೇಳಬೇಕಾದ್ದು ಇನ್ನು ನೆರೆಹೊರೆಯವರಿಗೆ. ನಮ್ಮ ಮಕ್ಕಳು ಒಂಟಿಯಾಗುವುದೂ ಆಗದಿರುವುದೂ ಬಹುಪಾಲು ನಿಮ್ಮ ಕೈಯಲ್ಲಿದೆ. ಎರಡು ಮನೆ ಆಚೆಯ ಒಬ್ಬರು, ಶಾಲೆ ಬಿಟ್ಟ ಹುಡುಗಿಯ ಜೊತೆ ಸೇರಿದರೆ ತಮ್ಮ ಮಗನಿಗೂ ಶಾಲೆ ಬೇಡವಾಗುತ್ತದೆ ಎಂದು, ಸಂಜೆಯ ಆಟಕ್ಕೆ ಅವನನ್ನು ನಮ್ಮ ಕಡೆ ಬಿಡುವುದನ್ನೇ ನಿಲ್ಲಿಸಿದರು. ನನ್ನ ಮಗಳು ಒಂದು ತಿಂಗಳು ದಿನಾ ಸಂಜೆ ಗೇಟಿನ ಬಳಿ ನಿಂತು ಕಾದಳು. ಅವಳಿಗೆ ಬೆರೆಯಲು ಬರುತ್ತಿರಲಿಲ್ಲವೆಂದು ಹೇಳುವಿರಾ? ಅದೇ ರಸ್ತೆಯ ಟೈಲರ್ ತಮ್ಮ ಅಂಗಡಿಯಲ್ಲಿ ಒಂದು ಸ್ಟೂಲು ಹಾಕಿದರು. ಅವರು ಶಿಕ್ಷಣದ ಬಗ್ಗೆ ಒಂದು ಮಾತೂ ಆಡಿದವರಲ್ಲ.

ಆದ್ದರಿಂದ, ನಿಮ್ಮ ಬೀದಿಯಲ್ಲಿ ಹಗಲು ಹನ್ನೊಂದು ಗಂಟೆಗೆ ಒಂದು ಮಗು ಕಂಡರೆ, ಬೆರೆಯೋದು ಹೇಗೆ ಎಂದು ಅದರ ತಾಯಿಯನ್ನು ಕೇಳಬೇಡಿ. ನಿಮ್ಮ ಅಂಗಡಿಯೊಳಗೆ, ಶೆಡ್ಡಿನೊಳಗೆ, ಅಡುಗೆಮನೆಯೊಳಗೆ ಕರೆಯಿರಿ. ಕೂರಲು ಒಂದು ಸ್ಟೂಲು ಹಾಕಿ. ನೀವು ಮಾಡುತ್ತಿರುವ ಕೆಲಸವನ್ನು ಅದಕ್ಕೆ ತೋರಿಸಿ.